ನೆಸ್ಟೆಡ್ ರೇಡ್‌ನಲ್ಲಿ ಡಿಸ್ಕ್ ಕೆಟ್ಟರೆ: ಯಾವ ಪದರವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು

ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಕೊಡಗಿನಲ್ಲಿ ಮರ ಬಿದ್ದು ತಂತಿ ತುಂಡಾಗುವುದು, ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದು, ಬಂದ ಕರೆಂಟ್ ಐದು ನಿಮಿಷಕ್ಕೆ ಮತ್ತೆ ಹೋಗುವುದು ಪ್ರತಿ ವರ್ಷದ ಅನುಭವ. ಅದೇ ದಿನಗಳಲ್ಲಿ ಇಂಟರ್ನೆಟ್ ಕೂಡ ಕೈಕೊಡುವುದರಿಂದ ಮದುವೆಯ ಚಿತ್ರ ತೆಗೆಯುವ ಸ್ಟುಡಿಯೋ, ಹೋಂಸ್ಟೇ, ತೋಟದ ಕಚೇರಿ ಇಂಥ ಕಡೆಗಳಲ್ಲಿ ಕಡತಗಳನ್ನು ಕ್ಲೌಡ್‌ಗೆ ಮಾತ್ರ ಒಪ್ಪಿಸದೆ, ಹಲವು ಹಾರ್ಡ್ ಡಿಸ್ಕ್‌ಗಳಿರುವ ಸ್ವಂತ ಪೆಟ್ಟಿಗೆಯೊಂದರಲ್ಲಿ ಇಟ್ಟುಕೊಳ್ಳುವವರು ಇದ್ದಾರೆ. ಆ ಪೆಟ್ಟಿಗೆಯಲ್ಲಿ ಒಂದು ದಿನ ಕೆಂಪು ದೀಪ ಹೊತ್ತಿಕೊಂಡಾಗ ಮುಂದೇನು ಮಾಡಬೇಕೆಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಒಂದು ಡಿಸ್ಕ್ ಕೆಟ್ಟರೂ ತಡೆದುಕೊಳ್ಳಲೆಂದೇ ಕಟ್ಟಿದ ರೇಡ್ ಎಂಬ ವ್ಯವಸ್ಥೆಯಲ್ಲಿ, ಆ ಬಳಿಕ ಗಾಬರಿಯಿಂದ ಕೊಟ್ಟ ಒಂದು ತಪ್ಪು ಆಜ್ಞೆ ಉಳಿದದ್ದನ್ನೂ ಅಳಿಸಿಬಿಡಬಲ್ಲದು. ರೇಡ್‌ನ ಮೇಲೆ ಇನ್ನೊಂದು ರೇಡ್ ಕಟ್ಟಿದ್ದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ತೊಂದರೆ ಕಾಣುವ ಜಾಗ ಮತ್ತು ತೊಂದರೆ ಇರುವ ಜಾಗ ಅಲ್ಲಿ ಬೇರೆಬೇರೆಯಾಗಿರುತ್ತವೆ.

ರೇಡ್ ಎಂದರೇನು

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ, ಅವುಗಳಲ್ಲಿ ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಜೋಡಿಸಬಹುದು ಎಂಬುದು ಅದರ ತಿರುಳು. ರೇಡ್ ಎಂಬ ಹೆಸರು ಅಲ್ಲಿಂದ ಬಂತು.

ರೇಡ್‌ನಲ್ಲಿ ಹಲವು ಬಗೆಗಳಿವೆ. ರೇಡ್ 0 ದತ್ತಾಂಶವನ್ನು ಚಂಕ್ ಎಂಬ ಸಣ್ಣ ತುಂಡುಗಳಾಗಿ ಕತ್ತರಿಸಿ ಡಿಸ್ಕ್‌ಗಳಿಗೆ ಸರದಿಯಂತೆ ಹಂಚುತ್ತದೆ. ಇದರಿಂದ ವೇಗ ಸಿಗುತ್ತದೆ, ಆದರೆ ರಕ್ಷಣೆ ಇಲ್ಲ, ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 1 ಒಂದೇ ದತ್ತಾಂಶವನ್ನು ಎರಡು ಡಿಸ್ಕ್‌ಗಳಲ್ಲೂ ಬರೆಯುತ್ತದೆ. ರೇಡ್ 5 ಮೂರು ಅಥವಾ ಹೆಚ್ಚು ಡಿಸ್ಕ್‌ಗಳಲ್ಲಿ ದತ್ತಾಂಶದ ಜೊತೆಗೆ ಪ್ಯಾರಿಟಿ ಎಂಬ ಲೆಕ್ಕವನ್ನೂ ಇಟ್ಟು, ಒಂದು ಡಿಸ್ಕ್‌ನ ನಷ್ಟವನ್ನು ತಡೆದುಕೊಳ್ಳುತ್ತದೆ. ರೇಡ್ 6 ಅಂಥ ಎರಡು ಲೆಕ್ಕಗಳನ್ನಿಟ್ಟು ಎರಡು ಡಿಸ್ಕ್‌ಗಳ ನಷ್ಟವನ್ನು ತಾಳುತ್ತದೆ.

ಪ್ಯಾರಿಟಿಯನ್ನು ಕಾಫಿ ತೋಟದ ಪುಸ್ತಕದಿಂದ ಅರ್ಥ ಮಾಡಿಕೊಳ್ಳಬಹುದು. ಹಣ್ಣು ಕೊಯ್ಲಿನ ದಿನಗಳಲ್ಲಿ ತೋಟದ ರೈಟರು ಸಂಜೆ ಒಬ್ಬೊಬ್ಬರ ಹಣ್ಣನ್ನೂ ತೂಗಿ ಬರೆದು, ಕೊನೆಯಲ್ಲಿ ಒಟ್ಟು ತೂಕವನ್ನು ಬರೆಯುತ್ತಾರೆ. ನಾಲ್ವರ ತೂಕ 60, 72, 55, 63 ಕೆ.ಜಿ., ಒಟ್ಟು 250 ಎಂದಿರಲಿ. ಮಳೆಹನಿ ಬಿದ್ದು ಮೂರನೆಯ ಸಂಖ್ಯೆ ಅಳಿಸಿಹೋದರೆ, ಒಟ್ಟಿನಿಂದ ಉಳಿದ ಮೂವರ 195ನ್ನು ಕಳೆದಾಗ 55 ಮತ್ತೆ ದೊರೆಯುತ್ತದೆ. ಎರಡು ಸಂಖ್ಯೆಗಳು ಅಳಿಸಿದರೆ ಮಾತ್ರ ಒಂದೇ ಒಂದು ಒಟ್ಟಿನಿಂದ ಅವೆರಡನ್ನೂ ಬಿಡಿಸಲಾಗದು. ರೇಡ್ 5ರಲ್ಲಿ ನಡೆಯುವುದು ಇದೇ ಲೆಕ್ಕ. ಕೂಡುವುದರ ಬದಲು ಎಕ್ಸ್‌ಆರ್ ಎಂಬ ಬಿಟ್‌ಗಳ ಲೆಕ್ಕವನ್ನು ಬಳಸುತ್ತಾರೆ, ಮತ್ತು ‘ಒಟ್ಟು’ ಒಂದೇ ಡಿಸ್ಕ್‌ನಲ್ಲಿರದೆ ಎಲ್ಲ ಡಿಸ್ಕ್‌ಗಳಿಗೂ ಸರದಿಯಂತೆ ಹಂಚಿಹೋಗಿರುತ್ತದೆ.

ರೇಡ್‌ನ ಮೇಲೆ ರೇಡ್

ಡಿಸ್ಕ್‌ಗಳನ್ನು ಮೊದಲು ಸಣ್ಣ ಗುಂಪುಗಳಾಗಿ ಕಟ್ಟಿ, ಆ ಗುಂಪುಗಳನ್ನೇ ಡಿಸ್ಕ್‌ಗಳೆಂದು ಪರಿಗಣಿಸಿ ಮೇಲೆ ಇನ್ನೊಂದು ರೇಡ್ ಕಟ್ಟಿದರೆ ಅದು ನೆಸ್ಟೆಡ್ ರೇಡ್. ರೇಡ್ 1ರ ಜೋಡಿಗಳ ಮೇಲೆ ರೇಡ್ 0 ಕಟ್ಟಿದ್ದು 1+0, ರೇಡ್ 5ರ ಗುಂಪುಗಳ ಮೇಲೆ ರೇಡ್ 0 ಕಟ್ಟಿದ್ದು 5+0. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ರೇಡ್ 10 ಎಂಬ ಹೆಸರಿನಲ್ಲಿ ಒಂದೇ ಪದರದ ಬಗೆಯೂ ಇದೆ. ಅದು ನೆಸ್ಟೆಡ್ ಅಲ್ಲವಾದ್ದರಿಂದ, ತಮ್ಮಲ್ಲಿರುವುದು ಯಾವುದೆಂದು ಮೊದಲೇ ತಿಳಿದಿರಬೇಕು.

ಪದರಗಳ ಕ್ರಮ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ನಾಲ್ಕು ಡಿಸ್ಕ್‌ಗಳ 1+0ರಲ್ಲಿ ಒಂದು ಕೆಟ್ಟ ಮೇಲೆ, ಉಳಿದ ಮೂರರಲ್ಲಿ ಅದರ ಜೋಡಿ ಡಿಸ್ಕ್ ಕೆಟ್ಟರೆ ಮಾತ್ರ ದತ್ತಾಂಶ ನಾಶವಾಗುತ್ತದೆ. ಅದೇ ನಾಲ್ಕು ಡಿಸ್ಕ್‌ಗಳನ್ನು 0+1 ಆಗಿ, ಅಂದರೆ ಕೆಳಗೆ ರೇಡ್ 0, ಮೇಲೆ ರೇಡ್ 1 ಎಂದು ಕಟ್ಟಿದ್ದರೆ, ಒಂದು ಡಿಸ್ಕ್ ಕೆಟ್ಟ ಕೂಡಲೇ ಅದರ ಗುಂಪು ಪೂರ್ತಿ ನಿಲ್ಲುತ್ತದೆ. ಇನ್ನೊಂದು ಗುಂಪಿನ ಎರಡು ಡಿಸ್ಕ್‌ಗಳಲ್ಲಿ ಯಾವುದು ಕೆಟ್ಟರೂ ಎಲ್ಲವೂ ಮುಗಿಯುತ್ತದೆ. ದುರಸ್ತಿಯ ಹೊತ್ತಿನಲ್ಲಿ ಒಂದು ಡಿಸ್ಕ್‌ನ ಬದಲು ಇಡೀ ಗುಂಪನ್ನೇ ಮತ್ತೆ ತುಂಬಬೇಕಾಗುತ್ತದೆ. ಖರ್ಚು ಒಂದೇ ಆದರೂ 1+0 ಉತ್ತಮ ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಮುಂದಿನ ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗೋಣಿಕೊಪ್ಪಲಿನ ಸ್ಟುಡಿಯೋ ಒಂದರಲ್ಲಿ 4 ಟೆರಾಬೈಟ್‌ನ ಆರು ಡಿಸ್ಕ್‌ಗಳಿವೆ ಎಂದುಕೊಳ್ಳಿ. ಮೂರು ಮೂರು ಡಿಸ್ಕ್‌ಗಳ ಎರಡು ರೇಡ್ 5 ಗುಂಪುಗಳು ಎಂಡಿ1 ಮತ್ತು ಎಂಡಿ2. ಅವೆರಡರ ಮೇಲೆ ರೇಡ್ 0 ಆಗಿ ಎಂಡಿ3. ಬಳಕೆಗೆ ಸಿಗುವ ಜಾಗ 16 ಟೆರಾಬೈಟ್. ಪ್ರತಿ ಗುಂಪಿನಲ್ಲಿ ಒಂದೊಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ, ಒಂದೇ ಗುಂಪಿನಲ್ಲಿ ಎರಡು ಕೆಟ್ಟರೆ ನಡೆಯುವುದಿಲ್ಲ.

ಆಗ ಅರ್ಧ ಚಿತ್ರಗಳಾದರೂ ಉಳಿಯುತ್ತವೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಎಂಡಿ3ರ ಚಂಕ್ 512 ಕಿಲೋಬೈಟ್ ಆಗಿದ್ದರೆ, 8 ಮೆಗಾಬೈಟ್‌ನ ಒಂದು ಚಿತ್ರ 16 ತುಂಡುಗಳಾಗಿ, ಸುಮಾರು ಎಂಟು ಎಂಡಿ1ರಲ್ಲಿ, ಎಂಟು ಎಂಡಿ2ರಲ್ಲಿ ಇರುತ್ತದೆ. ಒಂದು ಗುಂಪು ಹೋದರೆ ಪ್ರತಿಯೊಂದು ಚಿತ್ರವೂ ಅರ್ಧ ಹೋಗುತ್ತದೆ, ಅಂದರೆ ಪೂರ್ತಿಯಾಗಿ ಉಳಿಯುವ ಚಿತ್ರ ಇಲ್ಲವೇ ಇಲ್ಲ ಎನ್ನಬೇಕು.

ಪ್ರತಿ ಡಿಸ್ಕ್‌ನ ಮೇಲಿರುವ ಗುರುತು

ರೇಡ್ ಅನ್ನು ಪ್ರತ್ಯೇಕ ಕಾರ್ಡಿನ ಬದಲು ಆಪರೇಟಿಂಗ್ ಸಿಸ್ಟಂ ತಾನೇ ನಡೆಸಿದರೆ ಅದು ಸಾಫ್ಟ್‌ವೇರ್ ರೇಡ್. ಲಿನಕ್ಸ್‌ನಲ್ಲಿ ಎಂಡಿ ಎಂಬ ಭಾಗ ಈ ಕೆಲಸ ಮಾಡುತ್ತದೆ, ಅದನ್ನು ನಿರ್ವಹಿಸುವ ಉಪಕರಣ ಎಂಡಿಎಡಿಎಂ. ಮಾರುಕಟ್ಟೆಯಲ್ಲಿ ಸಿಗುವ ಹಲವು ನಾಸ್ ಪೆಟ್ಟಿಗೆಗಳ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗಳ) ಒಳಗೂ ಇದೇ ಇರುತ್ತದೆ. ಪೆಟ್ಟಿಗೆಯ ಮದರ್‌ಬೋರ್ಡ್ ಸುಟ್ಟುಹೋದರೂ ಡಿಸ್ಕ್‌ಗಳನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ಗೆ ಜೋಡಿಸಿ ಓದಲು ಸಾಧ್ಯವಾಗುವುದು ಇದರ ದೊಡ್ಡ ಅನುಕೂಲ.

ಅದು ಸಾಧ್ಯವಾಗುವುದು ಸೂಪರ್‌ಬ್ಲಾಕ್ ಎಂಬ ಗುರುತಿನಿಂದ. ತಾನು ಯಾವ ಗುಂಪಿಗೆ ಸೇರಿದ್ದು, ಆ ಗುಂಪಿನಲ್ಲಿ ಎಷ್ಟನೆಯದು, ಚಂಕ್ ಅಳತೆ ಎಷ್ಟು, ನಿಜವಾದ ದತ್ತಾಂಶ ಎಲ್ಲಿಂದ ಆರಂಭ ಎಂಬ ವಿವರಗಳನ್ನು ಪ್ರತಿ ಡಿಸ್ಕ್ ತನ್ನ ಮೇಲೆಯೇ ಬರೆದಿಟ್ಟುಕೊಂಡಿರುತ್ತದೆ. ಈವೆಂಟ್ ಕೌಂಟ್ ಎಂಬ ಸಂಖ್ಯೆಯೂ ಅಲ್ಲಿದೆ. ಗುಂಪಿನ ಸ್ಥಿತಿ ಬದಲಾದಂತೆಲ್ಲ ಅದು ಏರುತ್ತಾ ಹೋಗುತ್ತದೆ. ಗುಂಪಿನಿಂದ ಹೊರಬಿದ್ದ ಡಿಸ್ಕ್‌ನಲ್ಲಿ ಆ ಸಂಖ್ಯೆ ಅಲ್ಲಿಗೇ ನಿಲ್ಲುವುದರಿಂದ, ಯಾವುದು ಯಾವಾಗ ಹೊರಬಿತ್ತು ಎಂಬುದಕ್ಕೆ ಅದೇ ಸಾಕ್ಷಿ. ನೆಸ್ಟೆಡ್ ರೇಡ್‌ನಲ್ಲಿ ಎಂಡಿ1 ಮತ್ತು ಎಂಡಿ2ರ ಮೇಲೂ ಎಂಡಿ3ರ ಸೂಪರ್‌ಬ್ಲಾಕ್ ಇರುತ್ತದೆ. ಕೆಳಗಿನ ಗುಂಪು ಎದ್ದು ನಿಲ್ಲದೆ ಮೇಲಿನ ಗುರುತು ಕಾಣಿಸುವುದೇ ಇಲ್ಲ.

ಕೆಟ್ಟದ್ದು ಯಾವ ಪದರ

ಪ್ರಾಕ್ ಫೋಲ್ಡರಿನಲ್ಲಿರುವ ಎಂಡಿಸ್ಟ್ಯಾಟ್ ಎಂಬ ಕಡತವನ್ನು ತೆರೆದರೆ ಎಲ್ಲ ಪದರಗಳ ಸ್ಥಿತಿ ಕಾಣುತ್ತದೆ. ಸುಸ್ಥಿತಿಯ ಡಿಸ್ಕ್‌ಗೆ ಒಂದು ‘ಯು’ ಅಕ್ಷರ, ಇಲ್ಲದ ಡಿಸ್ಕ್‌ಗೆ ಒಂದು ಅಡಿಗೆರೆ. ನಮ್ಮ ಉದಾಹರಣೆಯಲ್ಲಿ ಎಂಡಿ2ರ ಒಂದು ಡಿಸ್ಕ್ ಕೆಟ್ಟರೆ ಆ ಸಾಲಿನಲ್ಲಿ ಎರಡು ‘ಯು’, ಒಂದು ಅಡಿಗೆರೆ ಇರುತ್ತದೆ. ಎಂಡಿ3ರ ಸಾಲಿನಲ್ಲಿ ಮಾತ್ರ ಯಾವ ಬದಲಾವಣೆಯೂ ಇರುವುದಿಲ್ಲ. ಕೆಳಗಿನ ಗುಂಪು ತನ್ನ ಕೊರತೆಯನ್ನು ತಾನೇ ತುಂಬಿಕೊಡುತ್ತಿರುವಾಗ ಮೇಲಿನ ಪದರಕ್ಕೆ ಅದರ ಅರಿವೇ ಆಗುವುದಿಲ್ಲ. ಕಡತಗಳು ತೆರೆಯುತ್ತಿವೆ ಎಂಬ ನೆಮ್ಮದಿಯಲ್ಲಿ ವಾರಗಟ್ಟಲೆ ಹಾಗೆಯೇ ಬಿಡುವ ಸಂಭವ ಇರುವುದೂ ಇದರಿಂದಲೇ. ಎಂಡಿಎಡಿಎಂನ ಮಾನಿಟರ್ ಸೌಲಭ್ಯಕ್ಕೆ ಇಮೇಲ್ ವಿಳಾಸ ಕೊಟ್ಟಿದ್ದರೆ ಡಿಸ್ಕ್ ಹೊರಬಿದ್ದಾಗಲೇ ಸೂಚನೆ ಬರುತ್ತದೆ.

ಎರಡನೆಯ ಸನ್ನಿವೇಶ ಇದಕ್ಕೆ ತಿರುವುಮುರುವು. ಎಂಡಿ2 ಏಳದೆ ಹೋದರೆ ಎಂಡಿ3 ಕೂಡ ಏಳುವುದಿಲ್ಲ, ಮತ್ತು ಕಣ್ಣಿಗೆ ಬೀಳುವುದು ಎಂಡಿ3 ಇಲ್ಲ ಎಂಬ ಸಂದೇಶ. ಆಗ ಎಂಡಿ3ನ್ನೇ ಹೊಸದಾಗಿ ಕಟ್ಟಿಬಿಡೋಣ ಎಂದು ಹೊರಡುವುದು ಸಹಜವಾದ, ಆದರೆ ಅತಿ ಅಪಾಯದ ಯೋಚನೆ. ರೇಡ್ 0 ಪದರದಲ್ಲಿ ಕೆಡುವಂಥದ್ದು ಬಹಳ ಕಡಿಮೆ. ದುರಸ್ತಿ ಯಾವಾಗಲೂ ಕೆಳಗಿನ ಪದರದಿಂದ ಆರಂಭವಾಗಬೇಕು. ಅದು ಸರಿಯಾದರೆ ಮೇಲಿನದು ಸಾಮಾನ್ಯವಾಗಿ ತಾನಾಗಿ, ಇಲ್ಲವೇ ‘ಅಸೆಂಬಲ್’ ಎಂಬ ಒಂದು ಆಜ್ಞೆಯಿಂದ ಜೋಡಿಸಿಕೊಳ್ಳುತ್ತದೆ.

ಒಂದು ಡಿಸ್ಕ್ ಮಾತ್ರ ಕೆಟ್ಟಿದ್ದರೆ

ಇದು ಸುಲಭದ ಸನ್ನಿವೇಶ. ಆದರೂ ಮೊದಲ ಕೆಲಸ ಡಿಸ್ಕ್ ಬದಲಿಸುವುದಲ್ಲ. ಬಹಳ ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆ ಕಡೆಗೆ ತೆಗೆದಿಡುವುದು. ಆಮೇಲೆ ಕೆಟ್ಟ ಡಿಸ್ಕ್ ಯಾವುದೆಂದು ಸೀರಿಯಲ್ ನಂಬರ್‌ನಿಂದಲೇ ಗುರುತಿಸಬೇಕು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕಂಪ್ಯೂಟರ್ ಪ್ರತಿ ಸಲ ಆನ್ ಆದಾಗ ಅದಲುಬದಲಾಗಬಹುದು. ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣ ತೋರಿಸುವ ನಂಬರ್ ಮತ್ತು ಡಿಸ್ಕ್‌ನ ಮೇಲಿನ ಚೀಟಿಯ ನಂಬರ್ ಎರಡೂ ಹೊಂದಿದ ಮೇಲೆಯೇ ಕೈಹಾಕಬೇಕು, ಏಕೆಂದರೆ ಅದೇ ಗುಂಪಿನ ಇನ್ನೊಂದು ಡಿಸ್ಕ್ ಕೈಗೆ ಬಂದರೆ ಇಡೀ ಗುಂಪು ನಿಲ್ಲುತ್ತದೆ.

ಅದೇ ಉಪಕರಣ ಡಿಸ್ಕ್ ನಿಜಕ್ಕೂ ಕೆಟ್ಟಿದೆಯೇ ಎಂಬುದನ್ನೂ ಹೇಳುತ್ತದೆ. ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್‌ನದೇ ದೋಷ; ಸಿಆರ್‌ಸಿ ದೋಷಗಳ, ಅಂದರೆ ದತ್ತಾಂಶ ಸಾಗುವಾಗ ಆಗುವ ದೋಷಗಳ, ಸಂಖ್ಯೆ ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ ಅಥವಾ ಅದರ ಕೊಂಡಿಯ ದೋಷ. ತೇವದ ಊರಿನಲ್ಲಿ ಕೇಬಲ್ ಬದಲಿಸಿ ನೋಡುವುದು ಹೊಸ ಡಿಸ್ಕ್ ತರಿಸುವುದಕ್ಕಿಂತ ಮೊದಲ ಹೆಜ್ಜೆಯಾಗಬೇಕು. ಡಿಸ್ಕ್ ದುರ್ಬಲವಾಗಿದ್ದರೂ ಇನ್ನೂ ಓದಲು ಬರುತ್ತಿದ್ದರೆ ಅದನ್ನು ಹೊರಹಾಕುವ ಬದಲು ‘ರಿಪ್ಲೇಸ್’ ಎಂಬ ವಿಧಾನ ಬಳಸುವುದು ಮೇಲು: ಹಳೆಯದು ಗುಂಪಿನಲ್ಲಿ ಇರುವಾಗಲೇ ಹೊಸದಕ್ಕೆ ನಕಲಾಗುತ್ತದೆ, ಆ ಹೊತ್ತಿನಲ್ಲೂ ರಕ್ಷಣೆ ಕಡಿಮೆಯಾಗುವುದಿಲ್ಲ.

ಪೂರ್ತಿ ಸತ್ತ ಡಿಸ್ಕ್ ಆದರೆ ಹೊಸದನ್ನು ಎಂಡಿ2ಕ್ಕೆ ಸೇರಿಸಬೇಕು, ಎಂಡಿ3ಕ್ಕೆ ಅಲ್ಲ. ಸೇರಿಸಿದ ಕೂಡಲೇ ಮರುನಿರ್ಮಾಣ ಆರಂಭವಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗ ಸಿಕ್ಕರೂ 4 ಟೆರಾಬೈಟ್ ತುಂಬಲು ಸುಮಾರು ಏಳೂವರೆ ಗಂಟೆ ಬೇಕು. ಜೊತೆಗೆ ಬೇರೆ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಉಳಿದ ಎರಡು ಡಿಸ್ಕ್‌ಗಳ ಎಂಟು ಟೆರಾಬೈಟ್ ಪೂರ್ತಿ ಓದಲ್ಪಡುತ್ತದೆ. ಸಾಮಾನ್ಯ ಡಿಸ್ಕ್‌ಗಳ ತಯಾರಕರು 10ರ 14ನೇ ಘಾತದಷ್ಟು ಬಿಟ್‌ಗಳಿಗೆ, ಅಂದರೆ ಸುಮಾರು 12.5 ಟೆರಾಬೈಟ್‌ಗೆ, ಹೆಚ್ಚೆಂದರೆ ಒಂದು ಓದಲಾಗದ ದೋಷ ಎಂಬ ಮಿತಿಯನ್ನು ನಮೂದಿಸುತ್ತಾರೆ. ಅದು ಭವಿಷ್ಯವಾಣಿಯಲ್ಲ, ತಯಾರಕರು ಹಾಕಿಕೊಂಡ ಮಿತಿ ಮಾತ್ರ. ಆದರೂ ಮರುನಿರ್ಮಾಣದ ಹೊತ್ತೇ ಎರಡನೆಯ ದೋಷ ಬಯಲಾಗುವ ಹೊತ್ತು ಎಂಬುದನ್ನು ಅದು ನೆನಪಿಸುತ್ತದೆ. ಮೈಸೂರಿನಿಂದ ಡಿಸ್ಕ್ ತರಿಸಲು ಮಡಿಕೇರಿಯವರು ಸುಮಾರು 120 ಕಿ.ಮೀ. ದಾರಿ ತೆರೆದಿರುವುದನ್ನು ನಂಬಬೇಕು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಆ ನಂಬಿಕೆಯ ಮಿತಿ ಗೊತ್ತಿದೆ. ಮಳೆಗಾಲಕ್ಕೆ ಮುನ್ನವೇ ಒಂದು ಹೊಸ ಡಿಸ್ಕ್ ತರಿಸಿ ಒಣಗಿದ ಜಾಗದಲ್ಲಿ ಇಟ್ಟುಕೊಂಡಿದ್ದರೆ ಗುಂಪು ರಕ್ಷಣೆಯಿಲ್ಲದೆ ಇರುವ ದಿನಗಳು ಕಡಿಮೆಯಾಗುತ್ತವೆ.

ಡಿಸ್ಕ್ ಕೆಟ್ಟಿರುವಾಗಲೇ ಕರೆಂಟ್ ಹೋದರೆ

ನಮ್ಮ ಕಡೆ ಹೆಚ್ಚು ಸಂಭವನೀಯವಾದ ಸನ್ನಿವೇಶ ಇದು. ಒಂದು ಡಿಸ್ಕ್ ಇಲ್ಲದ ರೇಡ್ 5 ಗುಂಪು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಮರಳಿ ಆನ್ ಮಾಡಿದಾಗ ಎಂಡಿ ಆ ಗುಂಪನ್ನು ತಾನಾಗಿ ಆರಂಭಿಸಲು ಒಪ್ಪುವುದಿಲ್ಲ. ಇದು ಡಿಸ್ಕ್ ಹಾಳಾದ ಸೂಚನೆಯಲ್ಲ, ಎಚ್ಚರಿಕೆಯ ಕ್ರಮ. ರೈಟರು ಒಬ್ಬರ ತೂಕವನ್ನು ತಿದ್ದಿ, ಒಟ್ಟನ್ನು ತಿದ್ದುವ ಮೊದಲೇ ಪುಸ್ತಕ ಮುಚ್ಚಿದ್ದಾರೆ ಎಂದಿಟ್ಟುಕೊಳ್ಳಿ. ಈಗ ಅಳಿಸಿಹೋದ ಇನ್ನೊಬ್ಬರ ತೂಕವನ್ನು ಆ ಒಟ್ಟಿನಿಂದ ಕಂಡುಹಿಡಿದರೆ ಉತ್ತರ ತಪ್ಪಾಗುತ್ತದೆ, ಮತ್ತು ತಪ್ಪಾಗಿದೆ ಎಂದು ತಿಳಿಯುವ ದಾರಿಯೂ ಇರುವುದಿಲ್ಲ.

‘ಅಸೆಂಬಲ್’ ಆಜ್ಞೆಯ ಜೊತೆ ‘ಫೋರ್ಸ್’ ಎಂಬ ಆಯ್ಕೆ ಕೊಟ್ಟು ಗುಂಪನ್ನು ಆರಂಭಿಸಬಹುದು. ದೋಷ ಇದ್ದರೂ ಅದು ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಸಣ್ಣ ಭಾಗಕ್ಕೆ ಸೀಮಿತ. ಆದರೆ ಆರಂಭವಾದ ಮೇಲೆ ಎಂಡಿ3ರಲ್ಲಿರುವ ಫೈಲ್ ಸಿಸ್ಟಂ ಅನ್ನು (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು) ಕೂಡಲೇ ಎಂದಿನಂತೆ ಮೌಂಟ್ ಮಾಡದೆ, ಅಂದರೆ ಬಳಕೆಗೆ ತೆರೆಯದೆ, ಏನನ್ನೂ ತಿದ್ದದೆ ಬರೀ ಪರೀಕ್ಷಿಸುವ ಕ್ರಮದಲ್ಲಿ ಮೊದಲು ನೋಡಬೇಕು. ಓದಲು ಮಾತ್ರ ಎಂದು ಮೌಂಟ್ ಮಾಡಿದರೂ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ತನ್ನ ಜರ್ನಲ್‌ನಲ್ಲಿ (ಬರೆಯಬೇಕಾದ ಬದಲಾವಣೆಗಳ ದಾಖಲೆಯಲ್ಲಿ) ಬಾಕಿ ಉಳಿದದ್ದನ್ನು ಡಿಸ್ಕ್‌ಗೆ ಬರೆಯುತ್ತದೆ. ಅದನ್ನು ತಡೆಯಲು ‘ನೋಲೋಡ್’ ಎಂಬ ಆಯ್ಕೆ, ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಆದರೆ ‘ನೋರಿಕವರಿ’ ಎಂಬ ಆಯ್ಕೆ ಕೊಡಬೇಕು.

ಒಂದೇ ಗುಂಪಿನಲ್ಲಿ ಎರಡು ಡಿಸ್ಕ್ ಹೊರಬಿದ್ದರೆ

ಎಂಡಿ2ರಲ್ಲಿ ಒಂದೇ ‘ಯು’ ಉಳಿದಿದ್ದರೂ ಎಲ್ಲವೂ ಮುಗಿಯಿತೆಂದು ತೀರ್ಮಾನಿಸಬೇಕಿಲ್ಲ. ಗುಂಪಿನಿಂದ ಹೊರಬಿದ್ದ ಡಿಸ್ಕ್ ಎಂದರೆ ಸತ್ತ ಡಿಸ್ಕ್ ಎಂದಲ್ಲ. ಮನೆ ಬಳಕೆಯ ಹಲವು ಡಿಸ್ಕ್‌ಗಳು ಓದಲಾಗದ ಜಾಗ ಸಿಕ್ಕಾಗ ಎರಡು ಮೂರು ನಿಮಿಷಗಳವರೆಗೂ ಪ್ರಯತ್ನಿಸುತ್ತಲೇ ಇರುತ್ತವೆ. ಲಿನಕ್ಸ್ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡ್. ಉತ್ತರ ಬಾರದ ಡಿಸ್ಕ್‌ಅನ್ನು ಕೆಟ್ಟದ್ದೆಂದು ಪರಿಗಣಿಸಿ ಗುಂಪಿನಿಂದ ಹೊರಹಾಕಲಾಗುತ್ತದೆ. ರೇಡ್‌ಗೆಂದೇ ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಪ್ರಯತ್ನ ಕೈಬಿಟ್ಟು ದೋಷವನ್ನು ತಿಳಿಸುತ್ತವೆ. ಡಿಸ್ಕ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಲಿನಕ್ಸ್ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಬೇಕು.

ಆದ್ದರಿಂದ ಮೊದಲು ಮೂರೂ ಡಿಸ್ಕ್‌ಗಳ ಸೂಪರ್‌ಬ್ಲಾಕ್‌ಗಳನ್ನು ‘ಎಕ್ಸಾಮಿನ್’ ಆಜ್ಞೆಯಿಂದ ಓದಿ, ಬಂದ ಉತ್ತರವನ್ನು ಪೆನ್ ಡ್ರೈವ್‌ಗೋ ಕಾಗದಕ್ಕೋ ಇಳಿಸಿಕೊಳ್ಳಬೇಕು. ಈ ಆಜ್ಞೆ ಡಿಸ್ಕ್‌ಗೆ ಏನನ್ನೂ ಬರೆಯುವುದಿಲ್ಲ. ಈವೆಂಟ್ ಕೌಂಟ್‌ಗಳು 48210, 48206, 31977 ಎಂದಿವೆ ಎಂದುಕೊಳ್ಳಿ. ಮೊದಲೆರಡರ ನಡುವಿನ ಅಂತರ ನಾಲ್ಕೇ. ಅವು ಬಹುಮಟ್ಟಿಗೆ ಒಂದೇ ಹೊತ್ತಿನವು. ಮೂರನೆಯದು ಬಹಳ ಹಿಂದೆಯೇ ಹೊರಬಿದ್ದಿದೆ, ಯಾರೂ ಗಮನಿಸಿಲ್ಲ. ಅದರ ಮೇಲಿನ ದತ್ತಾಂಶ ಹಳೆಯದಾದ್ದರಿಂದ ಈಗಿನ ಲೆಕ್ಕದೊಂದಿಗೆ ಬೆರೆಸಿದರೆ ಉತ್ತರ ತಪ್ಪಾಗುತ್ತದೆ. ಮೊದಲೆರಡನ್ನು ಮಾತ್ರ ಬಳಸಿ ‘ಫೋರ್ಸ್’ ಮೂಲಕ ಎಂಡಿ2ನ್ನು ಎಬ್ಬಿಸಬೇಕು, ಮೂರನೆಯದನ್ನು ಬಿಚ್ಚಿಡಬೇಕು.

ಆದರೆ ಎರಡನೆಯ ಡಿಸ್ಕ್‌ನಲ್ಲಿ ಓದಲಾಗದ ಜಾಗಗಳಿದ್ದರೆ ಅದರ ಮೇಲೆಯೇ ಕೆಲಸ ಮಾಡುವುದು ಸರಿಯಲ್ಲ. ಗ್ನೂ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಅದನ್ನು ಹೊಸ ಡಿಸ್ಕ್‌ಗೆ ನಕಲು ಮಾಡಬೇಕು. ಇದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಆಯಿತೆಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ಮಧ್ಯೆ ಕರೆಂಟ್ ಹೋದರೂ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಕಲು ಮುಗಿದ ಮೇಲೆ ಮೂಲ ಡಿಸ್ಕ್‌ಅನ್ನು ಕಂಪ್ಯೂಟರ್‌ನಿಂದ ತೆಗೆದಿಡುವುದು ಕಡ್ಡಾಯ, ಎರಡರ ಮೇಲೂ ಒಂದೇ ಗುರುತು ಇರುವುದರಿಂದ ಎಂಡಿ ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದು.

ಹೊಸ ಡಿಸ್ಕ್‌ಗಳು ಸಾಕಷ್ಟಿಲ್ಲದಿದ್ದರೆ ಓವರ್‌ಲೇ ಎಂಬ ಉಪಾಯವಿದೆ. ಲಿನಕ್ಸ್‌ನ ಡಿವೈಸ್ ಮ್ಯಾಪರ್ ಪ್ರತಿ ಡಿಸ್ಕ್‌ನ ಮೇಲೆ ಒಂದು ತೆಳು ಪದರ ಹೊದಿಸಿ, ಬರೆಯುವುದೆಲ್ಲ ಬೇರೊಂದು ಕಡತಕ್ಕೆ ಹೋಗುವಂತೆಯೂ ಓದುವುದು ಮಾತ್ರ ಮೂಲದಿಂದ ಆಗುವಂತೆಯೂ ಮಾಡುತ್ತದೆ. ಪ್ರಯತ್ನ ವಿಫಲವಾದರೆ ಆ ಕಡತವನ್ನು ಅಳಿಸಿ ಮತ್ತೆ ಆರಂಭಿಸಬಹುದು, ಮೂಲ ಡಿಸ್ಕ್‌ನ ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ. ಆದರೆ ಓವರ್‌ಲೇ ಡಿಸ್ಕ್‌ನ ಸವೆತವನ್ನು ತಡೆಯುವುದಿಲ್ಲ. ಸಾಯುತ್ತಿರುವ ಡಿಸ್ಕ್‌ಗೆ ನಕಲೇ ಬೇಕು. ಟಕ್ ಟಕ್ ಎಂದು ಸದ್ದು ಮಾಡುವ ಡಿಸ್ಕ್ ಆದರೆ ಕೂಡಲೇ ಆಫ್ ಮಾಡಿ, ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆಗ ಕೆಟ್ಟದ್ದೊಂದನ್ನೇ ಅಲ್ಲ, ಆರೂ ಡಿಸ್ಕ್‌ಗಳನ್ನು ಅವುಗಳ ಕ್ರಮ ಬರೆದು ಕಳುಹಿಸಬೇಕು.

ಕ್ರಿಯೇಟ್ ಆಜ್ಞೆ ಏಕೆ ಬೇಡ

ಇಂಟರ್ನೆಟ್‌ನಲ್ಲಿ ಹುಡುಕಿದವರಿಗೆ, ರೇಡ್ ಏಳದಿದ್ದರೆ ‘ಕ್ರಿಯೇಟ್’ ಆಜ್ಞೆಯಿಂದ ಮತ್ತೆ ಕಟ್ಟಿ ಎಂಬ ಸಲಹೆ ಸಿಗುತ್ತದೆ. ‘ಅಸೆಂಬಲ್’ ಡಿಸ್ಕ್‌ನ ಮೇಲಿರುವ ಗುರುತನ್ನು ಓದಿ ಜೋಡಿಸುತ್ತದೆ. ‘ಕ್ರಿಯೇಟ್’ ಆ ಗುರುತನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ‘ಅಸ್ಯೂಮ್ ಕ್ಲೀನ್’ ಎಂಬ ಆಯ್ಕೆಯನ್ನು ಮರೆತರೆ ರೇಡ್ 5ರಲ್ಲಿ ಅದು ಕೊನೆಯ ಡಿಸ್ಕ್‌ನ ಮೇಲೆ ಹೊಸ ಲೆಕ್ಕವನ್ನು ಬರೆಯಲೂ ತೊಡಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಚಂಕ್ ಅಳತೆ ತಾನಾಗಿ 64 ಕಿಲೋಬೈಟ್ ಇರುತ್ತಿತ್ತು, ಈಗ 512. ದತ್ತಾಂಶ ಆರಂಭವಾಗುವ ಜಾಗವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ನೆಸ್ಟೆಡ್ ರೇಡ್‌ನಲ್ಲಿ ಡಿಸ್ಕ್‌ಗಳ ಕ್ರಮ, ಗುಂಪುಗಳ ಕ್ರಮ, ಎರಡೂ ಪದರಗಳ ಚಂಕ್ ಅಳತೆ ಇವೆಲ್ಲ ಸರಿಯಾಗಿ ಹೊಂದಬೇಕು. ಸೂಪರ್‌ಬ್ಲಾಕ್‌ಗಳೇ ಅಳಿಸಿಹೋಗಿದ್ದರೆ ಬೇರೆ ದಾರಿ ಇರುವುದಿಲ್ಲ ನಿಜ. ಆಗಲೂ ಓವರ್‌ಲೇಯ ಮೇಲೆ ಮಾತ್ರ, ಬರೆದಿಟ್ಟುಕೊಂಡ ‘ಎಕ್ಸಾಮಿನ್’ ವಿವರಗಳನ್ನು ಎದುರಿಗಿಟ್ಟುಕೊಂಡೇ ಪ್ರಯತ್ನಿಸಬೇಕು.

ಮತ್ತೆ ಎದ್ದು ನಿಂತ ಮೇಲೆ

ಎಂಡಿ3 ತೆರೆದು ಚಿತ್ರಗಳು ಕಂಡರೂ ಫೋಲ್ಡರ್‌ಗಳ ಪಟ್ಟಿ ಕಾಣುವುದಷ್ಟನ್ನೇ ಸಾಕ್ಷಿಯೆಂದು ತಿಳಿಯಬಾರದು; ಪಟ್ಟಿ ಸರಿಯಿದ್ದು ಒಳಗಿನ ಕಡತ ಕೆಟ್ಟಿರಬಹುದು. ದೊಡ್ಡ ಕಡತಗಳನ್ನು ಬೇರೆಬೇರೆ ವರ್ಷಗಳಿಂದ ಆರಿಸಿ ಪೂರ್ತಿಯಾಗಿ ತೆರೆದು ನೋಡಬೇಕು, ಸರಿಯಿದ್ದವನ್ನು ಮೊದಲು ಬೇರೆ ಕಡೆಗೆ ನಕಲು ಮಾಡಬೇಕು, ಆನಂತರವೇ ಎಂಡಿ2ಕ್ಕೆ ಹೊಸ ಡಿಸ್ಕ್ ಸೇರಿಸಿ ಮರುನಿರ್ಮಾಣಕ್ಕೆ ಬಿಡಬೇಕು. ಅಷ್ಟು ಗಂಟೆಗಳ ಕಾಲ ಯುಪಿಎಸ್ ತಾಳದು; ಆದರೆ ಕರೆಂಟ್ ಹೋದಾಗ ಕಂಪ್ಯೂಟರ್ ಕ್ರಮವಾಗಿ ಆಫ್ ಆಗುವಂತೆ ಯುಪಿಎಸ್‌ನ ಸೂಚನೆಯನ್ನು ಜೋಡಿಸಿದ್ದರೆ ಸಾಕು, ಕರೆಂಟ್ ಬಂದ ಮೇಲೆ ಎಂಡಿ ತಾನು ನಿಲ್ಲಿಸಿದ ಜಾಗದಿಂದ ಮುಂದುವರಿಸುತ್ತದೆ.

ಕೊನೆಯದಾಗಿ, ಡಿಸ್ಕ್‌ಗಳ ಪೂರ್ತಿ ಓದಿನ ಪರೀಕ್ಷೆ. ಡೆಬಿಯನ್ ಲಿನಕ್ಸ್‌ನಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವ ಏರ್ಪಾಡು ಇದೆ. ಬೇರೆಡೆ ಕೈಯಿಂದ ಆರಂಭಿಸಬೇಕಾಗಬಹುದು. ಓದಲಾಗದ ಜಾಗ ಸಿಕ್ಕರೆ, ಎಲ್ಲ ಡಿಸ್ಕ್‌ಗಳೂ ಇರುವಾಗಲೇ ಪ್ಯಾರಿಟಿಯಿಂದ ಲೆಕ್ಕ ಹಾಕಿ ಅದನ್ನು ಸರಿಪಡಿಸಲಾಗುತ್ತದೆ. ನೆಸ್ಟೆಡ್ ರೇಡ್‌ನಲ್ಲಿ ಈ ಪರೀಕ್ಷೆಯನ್ನು ಎಂಡಿ1 ಮತ್ತು ಎಂಡಿ2ರ ಮೇಲೆ ನಡೆಸಬೇಕು. ಎಂಡಿ3 ರೇಡ್ 0 ಆದ್ದರಿಂದ ಅಲ್ಲಿ ಹೋಲಿಸಿ ನೋಡಲು ಎರಡನೆಯ ಪ್ರತಿಯೂ ಇಲ್ಲ, ಪ್ಯಾರಿಟಿಯೂ ಇಲ್ಲ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಎರಡೂ ಗುಂಪುಗಳ ಮೇಲೆ ಒಮ್ಮೆ ಇದನ್ನು ನಡೆಸಿ ಮುಗಿಸುವುದು ಕೊಡಗಿನ ಹವೆಗೆ ಹೊಂದುವ ಸಮಯ.